ಜೆರ್ಸಿ ಮೇಲಿನ ಹೆಸರಿಗೆ ಎಷ್ಟು ದುಡ್ಡು ಕೊಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಡಲ್ಲಾಸ್ ಹತ್ತಿರ ಫ್ರಿಸ್ಕೋದಲ್ಲಿದ್ದೇವೆ. ಮಗಳಿಗೆ 11 ವರ್ಷ. ಮೂರು ವರ್ಷದಿಂದ ಇಲ್ಲಿನ ರೆಕ್ ಲೀಗಿನಲ್ಲಿ, ಅಂದರೆ ಊರಿನ ಮಕ್ಕಳೆಲ್ಲ ಸೇರಬಹುದಾದ ಲೀಗಿನಲ್ಲಿ, ಬೇಸ್‌ಬಾಲ್ ಥರದ ಸಾಫ್ಟ್‌ಬಾಲ್ ಆಡುತ್ತಿದ್ದಾಳೆ. ಕ್ಯಾಚರ್, ಅಂದರೆ ಬ್ಯಾಟ್ ಮಾಡುವವಳ ಹಿಂದೆ ಕೂತು ಪಿಚರ್ ಎಸೆದ ಬಾಲ್ ಹಿಡಿಯುವವಳು. ಈ ಆಗಸ್ಟಿನ ಟ್ರೈಔಟ್‌ನಲ್ಲಿ ದೇಶದ ತುಂಬ ತಂಡಗಳಿರುವ ಒಂದು ದೊಡ್ಡ ಕ್ಲಬ್ಬಿನವರು 12 ವರ್ಷದೊಳಗಿನವರ (12ಯು) ಹೊಸ ತಂಡಕ್ಕೆ ಅವಳನ್ನು ಆರಿಸಿದ್ದಾರೆ. ಫೀಸು 2,800 ಡಾಲರ್. ಎರಡು ದಿನದಲ್ಲಿ 500 ಡಾಲರ್ ಕಟ್ಟಿ ಸೀಟು ಉಳಿಸಿಕೊಳ್ಳಿ ಅಂದಿದ್ದಾರೆ. ಪಕ್ಕದ ಬಡಾವಣೆಯ ಒಬ್ಬರು ನಡೆಸುವ ಚಿಕ್ಕ ತಂಡವೂ ಕರೆಯುತ್ತಿದೆ, ಅಲ್ಲಿ 1,100. ನಮ್ಮ ಮನೆಯವರು ಎರಡೂ ಬೇಡ, ಆ ದುಡ್ಡನ್ನು ಕಾಲೇಜಿಗೆ ಅಂತ 529 ಖಾತೆಗೆ ಹಾಕೋಣ ಅನ್ನುತ್ತಾರೆ. ದೊಡ್ಡ ಹೆಸರಿಗೆ ಅಷ್ಟು ಬೆಲೆ ಇದೆಯಾ?

ಉತ್ತರ: ಎರಡು ದಿನದ ಗಡುವು ಇದೆ ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ ಹೇಳಿಬಿಡುತ್ತೇನೆ. ಈ ವಯಸ್ಸಿಗೆ ಹೆಸರಿಗಾಗಿ ಒಂದು ಡಾಲರನ್ನೂ ಜಾಸ್ತಿ ಕೊಡಬೇಡಿ. ಒಳ್ಳೆಯ ಕೋಚ್ ಸಿಕ್ಕರೆ ಕೊಡಿ, ಅದಕ್ಕೆ ಬೆಲೆ ಇದೆ. ಇವೆರಡೂ ಬೇರೆ ಬೇರೆ ಸಾಮಾನು. ಟ್ರೈಔಟ್ ದಿನ ಮಾತ್ರ ಒಂದೇ ಥರ ಕಾಣುತ್ತವೆ.

ನಾನು ಹದಿನೈದು ವರ್ಷದಿಂದ ಈ ಭಾಗದಲ್ಲೇ ಹುಡುಗಿಯರಿಗೆ ಸಾಫ್ಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಅದಕ್ಕೂ ಮುಂಚೆ ಮನೆ ಹಿಂದಿನ ಹುಲ್ಲಿನಲ್ಲಿ ಬಕೆಟ್ ಮಗುಚಿ ಹಾಕಿ, ಅದರ ಮೇಲೆ ಕೂತು, ನನ್ನ ಮಗಳು ಎಸೆದ ಬಾಲ್ ಹಿಡಿದವಳು. ಫೀಸಿನ ಚೆಕ್ ಬರೆದ ಕೈಯೂ ನನ್ನದೇ, ಬೇರೆಯವರ ಮಕ್ಕಳನ್ನು ತಂಡಕ್ಕೆ ಆರಿಸಿದ ಕೈಯೂ ನನ್ನದೇ.

ಈ ಹೆಸರಿನ ವ್ಯವಹಾರ ಹೇಗೆ ನಡೆಯುತ್ತದೆ ಅನ್ನುವುದು ಮೊದಲು ತಿಳಿಯಬೇಕು. ಫೈರ್‌ಕ್ರ್ಯಾಕರ್ಸ್, ಬ್ಯಾಟ್‌ಬಸ್ಟರ್ಸ್ ಥರದ ಹೆಸರುಗಳು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವು. ಅಲ್ಲಿನ ತಂಡಗಳು ಗೆದ್ದವು, ಅಲ್ಲಿಂದ ಹುಡುಗಿಯರು ಒಳ್ಳೊಳ್ಳೆ ಕಾಲೇಜು ತಂಡಗಳಿಗೆ ಹೋದರು. ಈಗ ಅಂಥ ಹೆಸರು ಹೊತ್ತ ತಂಡಗಳು ಎಷ್ಟೋ ರಾಜ್ಯಗಳಲ್ಲಿವೆ. ಟೆಕ್ಸಸ್‌ನಲ್ಲಿ ಹುಟ್ಟಿ ಹೊರಗೆ ಹರಡಿದ ಕ್ಲಬ್ಬುಗಳೂ ಇವೆ. ಹೀಗೆ ಹರಡುವಾಗ ಕ್ಲಬ್ಬಿನಿಂದ ಕ್ಲಬ್ಬಿಗೆ ಕರಾರು ಬೇರೆ ಇರುತ್ತದೆ, ಆದರೆ ಸಾಮಾನ್ಯವಾಗಿ ನಡೆಯುವುದು ಇಷ್ಟು. ನಿಮ್ಮ ಊರಿನ ಒಬ್ಬ ಕೋಚ್ ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿ ಆ ಹೆಸರನ್ನು ಬಳಸುವ ಹಕ್ಕು ಪಡೆಯುತ್ತಾರೆ. ಲೋಗೋ ಸಿಗುತ್ತದೆ. ಬಟ್ಟೆ, ಬ್ಯಾಗು, ಹೆಲ್ಮೆಟ್‌ಗಳನ್ನು ಕ್ಲಬ್ಬು ಹೇಳಿದ ಕಂಪನಿಯಿಂದಲೇ ಕೊಳ್ಳಬೇಕು. ಕೆಲವು ಕಡೆ ವಿಮೆ, ಮಳೆಗಾಲಕ್ಕೆ ಒಳಾಂಗಣದ ಬ್ಯಾಟಿಂಗ್ ಕೇಜು, ದೊಡ್ಡ ಟೂರ್ನಮೆಂಟುಗಳಿಗೆ ಪ್ರವೇಶ, ಕಾಲೇಜು ಕೋಚ್‌ಗಳ ಜೊತೆ ಮಾತಾಡುವ ಒಬ್ಬ ಮನುಷ್ಯ, ಇವೂ ಸೇರಿರುತ್ತವೆ. ಆದರೆ ಮಂಗಳವಾರ ಸಂಜೆ ಮೈದಾನದಲ್ಲಿ ನಿಮ್ಮ ಮಗಳಿಗೆ ಮೊಣಕೈ ಎಲ್ಲಿಡಬೇಕು ಅಂತ ತೋರಿಸುವವರು ಊರಿನ ಆ ಕೋಚ್ ಮಾತ್ರ. ಮುಖ್ಯ ಕಚೇರಿಯವರು ಅವಳನ್ನು ನೋಡಿಯೇ ಇರುವುದಿಲ್ಲ.

ನಮ್ಮ ಕಡೆ ಯಾವ ಊರಿಗೆ ಹೋದರೂ ‘ಉಡುಪಿ ಹೋಟೆಲ್’ ಅಂತ ಬೋರ್ಡು ಇರುತ್ತದೆ ಅಲ್ವಾ? ಬೋರ್ಡು ಒಂದೇ. ಸಾಂಬಾರಿನ ರುಚಿ ಮಾತ್ರ ಒಳಗಿರುವ ಭಟ್ಟರ ಕೈಯಲ್ಲಿರುತ್ತದೆ. ನೀವು ಈಗ ನೋಡಬೇಕಾದ್ದು ಅಡುಗೆಮನೆಯನ್ನು.

ಅದರಲ್ಲೂ ನಿಮ್ಮದು ಹೊಸ ತಂಡ. ಒಂದೇ ಹೆಸರಿನಡಿ, ಒಂದೇ ವಯಸ್ಸಿನಲ್ಲಿ, ನಾಲ್ಕೈದು ತಂಡ ಇರುವುದು ಮಾಮೂಲು. ಒಂದಕ್ಕೆ ನ್ಯಾಷನಲ್ ಅಂತಲೋ ಪ್ರೀಮಿಯರ್ ಅಂತಲೋ ಸೇರಿಸಿರುತ್ತಾರೆ, ಇನ್ನೊಂದಕ್ಕೆ ಊರಿನ ಹೆಸರು, ಮತ್ತೊಂದಕ್ಕೆ ಕೋಚ್ ಹೆಸರು. ಜಾಲತಾಣದಲ್ಲಿ ಕಾಣುವ ಕಪ್ಪುಗಳು, ಕಾಲೇಜಿಗೆ ಹೋದ ಹುಡುಗಿಯರ ಫೋಟೋಗಳು ಬಹುಪಾಲು ಮೊದಲನೆಯ ತಂಡದವು. ಫೀಸು ಎಲ್ಲರಿಗೂ ಹತ್ತಿರಹತ್ತಿರ ಅಷ್ಟೇ ಇರುತ್ತದೆ. ‘ನಮ್ಮ ಕ್ಲಬ್ಬಿನಿಂದ ಇಷ್ಟು ಜನ ಕಾಲೇಜಿಗೆ ಹೋದರು’ ಅಂದರೆ, ‘ಈ ಕೋಚ್ ಕೈಯಿಂದ ಎಷ್ಟು ಜನ?’ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ದುಡ್ಡು. 2,800 ಅನ್ನುವುದು ಬಾಗಿಲು ದಾಟುವ ಖರ್ಚು ಅಷ್ಟೇ. ನಮ್ಮ ಭಾಗದ ಲೆಕ್ಕದಲ್ಲಿ ಒಂದು ವರ್ಷ ಕೂಡಿಸಿ ನೋಡೋಣ. ಹತ್ತು ಟೂರ್ನಮೆಂಟು ಸುತ್ತಮುತ್ತ, ಮೂರು ಹೊರಗೆ ಅಂದುಕೊಳ್ಳಿ. ಹೊರಗಿನ ಪ್ರತಿಯೊಂದಕ್ಕೂ ಮೂರು ರಾತ್ರಿ ಹೋಟೆಲು, ಪೆಟ್ರೋಲು, ಊಟ ಸೇರಿ 900 ಡಾಲರ್ ಅಂದರೆ 2,700. ಈ ಹೋಟೆಲಿನಲ್ಲೂ ಒಂದು ವಿಷಯವಿದೆ. ‘ಸ್ಟೇ ಟು ಪ್ಲೇ’ ಅನ್ನುವ ನಿಯಮ ಇರುವ ಕಡೆ, ಟೂರ್ನಮೆಂಟಿನವರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕು. ನೆಂಟರ ಮನೆ ಹತ್ತೇ ನಿಮಿಷದ ದಾರಿ ಇದ್ದರೂ ಉಪಯೋಗವಿಲ್ಲ. ಬ್ಯಾಟಿಂಗ್ ಪಾಠ ವಾರಕ್ಕೊಮ್ಮೆ 50 ಡಾಲರ್, 40 ವಾರ, ಅಲ್ಲಿಗೆ 2,000. ಕಾಂಪೋಸಿಟ್ ಬ್ಯಾಟ್ 400, ಚಳಿಯಲ್ಲಿ ಆಡಿದರೆ ಸೀಳು ಬಿಡುವುದೂ ಉಂಟು. ಮೈದಾನದ ಗೇಟಿನಲ್ಲಿ ನಿಮ್ಮಿಬ್ಬರಿಗೆ ದಿನಕ್ಕೆ ತಲಾ ಹತ್ತು ಡಾಲರ್ ಅಂದರೆ, 13 ಟೂರ್ನಮೆಂಟು, ಎರಡೆರಡು ದಿನ, 520. ಹೆಚ್ಚುವರಿ ಬಟ್ಟೆ, ಬ್ಯಾಗು 300. ಎಲ್ಲ ಸೇರಿ 8,720. ಕ್ಯಾಚರ್ ಆದ್ದರಿಂದ ಮುಖಕವಚ, ಎದೆಕವಚ, ಕಾಲುಕವಚ ಬೇರೆ, ಬೆಳೆಯುವ ಮಗುವಿಗೆ ಎರಡು ವರ್ಷಕ್ಕೆ ಅವೂ ಚಿಕ್ಕದಾಗುತ್ತವೆ.

ಆಸ್ಪೆನ್ ಇನ್‌ಸ್ಟಿಟ್ಯೂಟ್‌ನವರ 2024ರ ಸಮೀಕ್ಷೆಯಲ್ಲಿ, ಮಕ್ಕಳು ಆಟ ಆಡುವ ಅಮೆರಿಕನ್ ಕುಟುಂಬವೊಂದು ಮಗುವಿನ ಮುಖ್ಯ ಆಟಕ್ಕೆ ವರ್ಷಕ್ಕೆ ಸರಾಸರಿ 1,016 ಡಾಲರ್ ಖರ್ಚು ಮಾಡುತ್ತದೆ ಅಂತ ಬಂತು. 2019ಕ್ಕಿಂತ ಅದು ಶೇಕಡಾ 46 ಜಾಸ್ತಿ. ರೆಕ್ ಲೀಗು ಆಡುವವರೂ ಆ ಸರಾಸರಿಯಲ್ಲಿದ್ದಾರೆ. ನೀವು ಕಾಲಿಡಲು ಹೊರಟಿರುವುದು ಅದರ ಎಂಟು ಪಟ್ಟಿನ ಜಾಗಕ್ಕೆ.

ದುಡ್ಡು ಜಾಸ್ತಿ ಅನ್ನುವುದೊಂದೇ ಕಾರಣಕ್ಕೆ ಬೇಡ ಅನ್ನಲಾರೆ. ಅದರಿಂದ ಮಗುವಿಗೆ ಏನು ಸಿಗುತ್ತದೆ ಅಂತ ನೋಡಬೇಕು. ನಾನು ಎಣಿಸುವುದು ಬ್ಯಾಟ್ ಹಿಡಿದು ನಿಂತ ಸರದಿಗಳನ್ನು. ಒಂದು ಟೂರ್ನಮೆಂಟಿನಲ್ಲಿ ಸುಮಾರು ಐದು ಪಂದ್ಯ. ಸಮಯದ ಮಿತಿ ಇರುವುದರಿಂದ ಪಂದ್ಯಕ್ಕೆ ಎರಡು ಸರದಿ ಸಿಕ್ಕರೆ ಹೆಚ್ಚು. 13 ಟೂರ್ನಮೆಂಟಿಗೆ 65 ಪಂದ್ಯ, 130 ಸರದಿ. ಒಂದೊಂದು ಸರದಿಗೆ 67 ಡಾಲರ್ ಬಿತ್ತು. ಅರ್ಧ ಪಂದ್ಯ ಬೆಂಚಿನ ಮೇಲೆ ಕೂತಳು ಅನ್ನಿ, 134 ಆಯಿತು. ರೆಕ್ ಲೀಗಿನಲ್ಲಿ 200 ಡಾಲರ್ ಕಟ್ಟಿ 12 ಪಂದ್ಯ ಆಡಿ 30 ಸರದಿ ಪಡೆದರೆ ಒಂದಕ್ಕೆ ಏಳು ಡಾಲರೂ ಇಲ್ಲ. ಎರಡರ ಗುಣ ಒಂದೇ ಅಲ್ಲ, ಒಪ್ಪುತ್ತೇನೆ. ಟ್ರಾವೆಲ್ ಬಾಲ್‌ನಲ್ಲಿ, ಅಂದರೆ ಇಂಥ ಆಯ್ದ ತಂಡಗಳು ಊರೂರು ಸುತ್ತಿ ಆಡುವ ಆಟದಲ್ಲಿ, ಎದುರಿಗೆ ನಿಂತ ಪಿಚರ್ ಗಟ್ಟಿಗಿತ್ತಿ. ರೆಕ್‌ನಲ್ಲಿ ನಾಲ್ಕು ಬಾಲ್ ಹೊರಗೆ ಹೋಗಿ, ಸುಮ್ನೆ ನಡೆದು ಮೊದಲ ಬೇಸ್ ಸೇರುವುದೇ ಹೆಚ್ಚು. ಒಂದು ಹಂತ ದಾಟಿದ ಮಗುವಿಗೆ ಅಲ್ಲಿ ಬೇಸರ ಬರುತ್ತದೆ. ನಿಮ್ಮ ಮಗಳು ಮೂರು ವರ್ಷ ಆಡಿದ್ದಾಳೆ, ಅವಳಿಗೆ ಆ ಬೇಸರ ಬಂದಿದ್ದರೆ ಆಶ್ಚರ್ಯವಿಲ್ಲ. ಟ್ರಾವೆಲ್ ಬಾಲ್‌ನ ನಿಜವಾದ ಬೆಲೆ ಇರುವುದು ಇಲ್ಲೇ: ತನಗೆ ಸಮನಾದವರ ಜೊತೆ, ತನಗಿಂತ ಒಂದು ಕೈ ಮೇಲಿರುವವರ ಎದುರು ಆಡುವುದು. ಅದು ಸಿಗಬೇಕಾದರೆ ಅವಳು ಮೈದಾನದಲ್ಲಿರಬೇಕು. ಬೆಂಚಿನ ಮೇಲೆ ಕೂತವಳಿಗೆ ಜೆರ್ಸಿ ಮಾತ್ರ ಸಿಗುತ್ತದೆ.

12ಯು ಅಂದರೆ ಆಟವೇ ಬದಲಾಗುವ ವಯಸ್ಸು ಕೂಡ. 10ಯುನಲ್ಲಿ 11 ಇಂಚು ಸುತ್ತಳತೆಯ ಬಾಲ್, ಪಿಚರ್ 35 ಅಡಿ ದೂರ. 12ಯುಗೆ ಬಂದರೆ 12 ಇಂಚಿನ ಬಾಲ್, 40 ಅಡಿ. 14ಯುನಿಂದ ಕಾಲೇಜಿನವರೆಗೆ 43 ಅಡಿ. ಕೈ ಇನ್ನೂ ಚಿಕ್ಕದು, ಬಾಲ್ ದೊಡ್ಡದು. ಈ ಒಂದೆರಡು ವರ್ಷ ತಾಳ್ಮೆಯಿಂದ ಹೇಳಿಕೊಡುವವರ ಕೈಯಲ್ಲಿದ್ದ ಮಗು ಮುಂದೆ ಎಲ್ಲಿ ಬೇಕಾದರೂ ಆಡುತ್ತದೆ. ಗೆಲ್ಲುವ ಅವಸರದ ಕೋಚ್ ಕೈಗೆ ಸಿಕ್ಕ ಎಷ್ಟೋ ಮಕ್ಕಳು 14 ದಾಟುವ ಮುಂಚೆಯೇ ಗ್ಲೌಸು ಕಳಚಿಟ್ಟಿದ್ದನ್ನು ನೋಡಿದ್ದೇನೆ. ಅವರಲ್ಲಿ ಕೆಲವರು ನನ್ನ ಕೈಯಲ್ಲಿ ಆಡಿದ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರು. ಆ ಮುಖಗಳು ಈಗಲೂ ಕಣ್ಣಮುಂದಿವೆ.

ಕಾಲೇಜು ಸ್ಕಾಲರ್‌ಶಿಪ್‌ ಬಗ್ಗೆ ನೀವು ಕೇಳಲಿಲ್ಲ. ಆದರೆ 529 ಖಾತೆಯ ಮಾತು ಬಂದಿದೆ ಅಂದರೆ ಮನೆಯಲ್ಲಿ ಅದರ ಚರ್ಚೆ ಆಗಿಯೇ ಇರುತ್ತದೆ. ಈಚೆಗೆ ಎಲ್ಲ ತಂದೆತಾಯಿಯರ ಬಾಯಲ್ಲೂ ನೈಜಾರೀ ಕೆನಡಿ ಹೆಸರಿದೆ. 2024ರಲ್ಲಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಸ್ ಟೆಕ್ ಸೇರಿದಾಗ ಆ ಪಿಚರ್‌ಗೆ ಸಿಕ್ಕಿದ್ದು ಹತ್ತು ಲಕ್ಷ ಡಾಲರ್ ಮೀರಿದ ಒಪ್ಪಂದ. ಅಂಥವಳು ಒಬ್ಬಳು. ಹೈಸ್ಕೂಲಿನಲ್ಲಿ ಸಾಫ್ಟ್‌ಬಾಲ್ ಆಡುವ ಹುಡುಗಿಯರು ದೇಶದಲ್ಲಿ ಮೂರು ಲಕ್ಷಕ್ಕೂ ಮೇಲಿದ್ದಾರೆ. ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯಡಿ ಕಾಲೇಜು ತಂಡಗಳಲ್ಲಿ ಆಡುವವರು ಸುಮಾರು 20 ಸಾವಿರ. ಅವರಲ್ಲೂ ಮೂರು ಹಂತ (ಡಿವಿಷನ್) ಇವೆ. ಮೂರನೇ ಡಿವಿಷನ್ನಿನ ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಎರಡನೇ ಡಿವಿಷನ್ನಿನಲ್ಲಿ ಇಡೀ ತಂಡಕ್ಕೆ ಇರುವ ಮಿತಿ 7.2 ಪೂರ್ಣ ಸ್ಕಾಲರ್‌ಶಿಪ್, ಅದನ್ನೇ ಹಂಚಿ ಕೊಡುತ್ತಾರೆ. ಮೊದಲನೇ ಡಿವಿಷನ್ನಿನಲ್ಲಿ ಮೊದಲು 12 ಅಂತ ಮಿತಿ ಇತ್ತು. 2025ರ ಕೋರ್ಟ್ ಒಪ್ಪಂದದ ನಂತರ, ಅದನ್ನು ಒಪ್ಪಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 25 ಜನ ಮಾತ್ರ ಅನ್ನುವ ನಿಯಮ ಬಂದಿದೆ. ಬಾಗಿಲು ಅಗಲವಾಗಿದೆ ಅಂತ ಕ್ಲಬ್ಬಿನವರು ಹೇಳಬಹುದು. 25 ಜನಕ್ಕೂ ಪೂರ್ತಿ ಕೊಡಬೇಕು ಅನ್ನುವ ಕಡ್ಡಾಯ ಏನಿಲ್ಲ.

ಈಗ ನಿಮ್ಮ ಯಜಮಾನರ ಲೆಕ್ಕ. ವರ್ಷಕ್ಕೆ 8,700 ಅಂದರೆ 18 ತುಂಬುವವರೆಗೆ ಏಳು ವರ್ಷಕ್ಕೆ ಬಡ್ಡಿ ಬಿಟ್ಟು 60,900 ಡಾಲರ್. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ನಲ್ಲಿ ಈ ರಾಜ್ಯದ ಮಕ್ಕಳಿಗೆ ಬರೀ ಟ್ಯೂಷನ್ ವರ್ಷಕ್ಕೆ 12,000 ಆಸುಪಾಸು. ನಾಲ್ಕು ವರ್ಷ ಕಟ್ಟಿ ಮಿಗುತ್ತದೆ. ಹಾಗಾಗಿ ಸ್ಕಾಲರ್‌ಶಿಪ್ ಆಸೆಗೆ ಕಟ್ಟುವುದಾದರೆ ನಿಮ್ಮ ಯಜಮಾನರೇ ಸರಿ, ಇದರಲ್ಲಿ ಎರಡು ಮಾತಿಲ್ಲ. ಹುಡುಗಿ ಬೆವರಲಿ, ಗೆಳತಿಯರು ಸಿಗಲಿ, ಸೋತ ಮಾರನೇ ದಿನ ಮತ್ತೆ ಎದ್ದು ನಿಲ್ಲುವುದನ್ನು ಕಲಿಯಲಿ ಅಂತ ಕಟ್ಟುವುದಾದರೆ ಲೆಕ್ಕ ಬೇರೆ. ನಾನು ಅದಕ್ಕೇ ಕಟ್ಟಿದ್ದು. ಪಶ್ಚಾತ್ತಾಪ ಇಲ್ಲ. ಆದರೆ ಅದಕ್ಕೆ 8,700 ಬೇಕಾಗಿಲ್ಲ ಅಂತಲೂ ಗೊತ್ತಾಯಿತು.

ಹೇಗೆ ಗೊತ್ತಾಯಿತು ಅಂದರೆ, ನನ್ನ ಮಗಳಿಗೆ ನಿಮ್ಮ ಮಗಳಷ್ಟೇ ವಯಸ್ಸಾಗಿದ್ದಾಗ ನಾನೂ ಒಂದು ದೊಡ್ಡ ಹೆಸರಿನ ಹೊಸ ತಂಡಕ್ಕೆ ಸೇರಿಸಿದೆ. ಟ್ರೈಔಟ್ ದಿನ ಬ್ಯಾನರು, ಸಂಗೀತ, ಒಂದೇ ಬಣ್ಣದ ಬ್ಯಾಗುಗಳ ಸಾಲು. ಮನಸ್ಸು ಸೋತಿತು. ಮಾರ್ಚ್ ತಿಂಗಳಲ್ಲಿ ಕೋಚ್ ಇನ್ನೊಂದು ಕ್ಲಬ್ಬಿಗೆ ಹೊರಟುಹೋದರು. ಹೋಗುವಾಗ ಐದು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದರು. ನನ್ನ ಮಗಳನ್ನು ಕರೆಯಲಿಲ್ಲ. ಉಳಿದ ಏಳು ಮಕ್ಕಳಿಗೆ ತಂಡವೇ ಇಲ್ಲ. ಫೀಸು ಪೂರ್ತಿ ಕಟ್ಟಾಗಿತ್ತು. ಮುಖ್ಯ ಕಚೇರಿಗೆ ಫೋನ್ ಮಾಡಿದರೆ, ಹೆಸರಿನ ಫೀಸು ಮಾತ್ರ ನಮಗೆ ಬಂದಿದೆ, ಉಳಿದದ್ದು ತಂಡದ ಖಾತೆ, ಅವರನ್ನೇ ಕೇಳಿ ಅಂದರು. ತಂಡದ ಖಾತೆ ಕೋಚ್ ಹೆಸರಿನಲ್ಲಿತ್ತು. ದುಡ್ಡು ಹೋಗಿದ್ದಕ್ಕಿಂತ, ಮಗಳು ಆ ಬ್ಯಾಗನ್ನು ಬೀರುವಿನ ಹಿಂದೆ ಬಚ್ಚಿಟ್ಟಿದ್ದು ನೋಡಿ ನನಗೆ ಅಳು ಬಂತು. ಆ ವಸಂತ ಉಳಿಸಿದ್ದು ಒಬ್ಬ ಪ್ಲಂಬರ್. ಕಾಲೇಜು ತಂಡದಲ್ಲಿ ಆಡಿದ್ದ ತನ್ನ ತಂಗಿಯನ್ನು ಜೊತೆಗಿಟ್ಟುಕೊಂಡು ಅವರು ಒಂದು ಸಣ್ಣ ತಂಡ ನಡೆಸುತ್ತಿದ್ದರು. ಹೆಸರಿಲ್ಲ, ಬ್ಯಾನರಿಲ್ಲ. ಆ ತಂಗಿ ನನ್ನ ಮಗಳಿಗೆ ಚೇಂಜ್‌ಅಪ್, ಅಂದರೆ ಬ್ಯಾಟರ್‌ಗೆ ಅಂದಾಜು ತಪ್ಪಿಸುವ ನಿಧಾನದ ಬಾಲ್, ಎಸೆಯುವುದನ್ನು ಕಲಿಸಿದಳು. ಹೈಸ್ಕೂಲು ಮುಗಿಯುವವರೆಗೂ ಅವಳು ಅದರಿಂದಲೇ ಔಟ್ ಮಾಡುತ್ತಿದ್ದಳು.

ಹಾಗಂತ ದೊಡ್ಡ ಕ್ಲಬ್ಬುಗಳೆಲ್ಲ ಮೋಸ, ಚಿಕ್ಕ ತಂಡಗಳೆಲ್ಲ ಚಿನ್ನ ಅಂತ ತಿಳಿಯಬೇಡಿ. ಚಿಕ್ಕ ತಂಡದಲ್ಲಿ ಇಲ್ಲಿನವರು ‘ಡ್ಯಾಡಿ ಬಾಲ್’ ಅನ್ನುವ ಕಾಯಿಲೆ ಜಾಸ್ತಿ: ಅಪ್ಪ ಕೋಚ್, ಮಗಳು ಶಾರ್ಟ್‌ಸ್ಟಾಪ್ (ಎಲ್ಲರೂ ಆಸೆಪಡುವ ಫೀಲ್ಡಿಂಗ್ ಜಾಗ), ಏನೇ ಆದರೂ ಅವಳೇ ಶಾರ್ಟ್‌ಸ್ಟಾಪ್. 1,100 ಡಾಲರಿನ ತಂಡವನ್ನೂ ಅಷ್ಟೇ ಹುಷಾರಾಗಿ ನೋಡಿ.

ಮತ್ತೆ, ಹೆಸರಿಗೆ ನಿಜವಾಗಿ ಬೆಲೆ ಬರುವ ಕಾಲವೊಂದಿದೆ. ಅದು 16ಯು. ಎನ್‌ಸಿಎಎ ನಿಯಮದ ಪ್ರಕಾರ ಹುಡುಗಿ 11ನೇ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ರವರೆಗೆ ಮೊದಲನೇ ಡಿವಿಷನ್ನಿನ ಕೋಚ್‌ಗಳು ಅವಳ ಜೊತೆ ಸೇರ್ಪಡೆ ವಿಷಯ ಮಾತಾಡುವಂತಿಲ್ಲ. 2018ರಿಂದ ಹೀಗಿದೆ. ನಿಮ್ಮ ಮಗಳಿಗೆ ಅದು ಇನ್ನೂ ಐದು ವರ್ಷ ದೂರ. ಆ ಹೊತ್ತಿಗೆ, ಜುಲೈ 4ರ ಸುತ್ತ ಕೊಲೊರಾಡೋದಲ್ಲಿ ನಡೆಯುವಂಥ ದೊಡ್ಡ ಷೋಕೇಸ್ ಟೂರ್ನಮೆಂಟುಗಳಲ್ಲಿ ಕಾಲೇಜು ಕೋಚ್‌ಗಳು ಸಾಲುಕುರ್ಚಿ ಹಾಕಿ ಕೂತಿರುತ್ತಾರೆ. ಯಾವ ಮೈದಾನದ ಹಿಂದೆ ಕೂರಬೇಕು ಅಂತ ಅವರು ಆರಿಸುವಾಗ ಕ್ಲಬ್ಬಿನ ಹೆಸರು ಕೆಲಸಕ್ಕೆ ಬರುತ್ತದೆ. ಕ್ಲಬ್ಬಿನವರು ಮಾಡುವ ಒಂದು ಫೋನು ಕೂಡ. ಮಗಳಿಗೆ ಆಗಲೂ ಇದೇ ಹುಚ್ಚಿದ್ದರೆ ಆಗ ಸೇರಿಸಿ, ನಾನೇ ಹೇಳುತ್ತೇನೆ. ಚೆನ್ನಾಗಿ ಆಡುವ 15 ವರ್ಷದ ಕ್ಯಾಚರ್‌ಗೆ ಯಾವ ಕ್ಲಬ್ಬೂ ಬಾಗಿಲು ಹಾಕುವುದಿಲ್ಲ. 12ಕ್ಕೇ ಸೇರದಿದ್ದರೆ ದಾರಿ ಮುಚ್ಚಿತು ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ.

ಅಡುಗೆಮನೆ ನೋಡುವುದು ಹೇಗೆ ಅಂದಿರಾ? ಅಭ್ಯಾಸಕ್ಕೆ ಹೋಗಿ ಬೇಲಿ ಹತ್ತಿರ ಒಂದು ಗಂಟೆ ನಿಲ್ಲಿ. ಒಬ್ಬಳು ಬ್ಯಾಟ್ ಮಾಡುತ್ತಿದ್ದಾಗ ಉಳಿದ ಹನ್ನೊಂದು ಮಕ್ಕಳು ಏನು ಮಾಡುತ್ತಿದ್ದಾರೆ ನೋಡಿ. ನಿಂತು ಹುಲ್ಲು ಕೀಳುತ್ತಿದ್ದರೆ ಆ ಕೋಚ್‌ಗೆ ಅಭ್ಯಾಸ ನಡೆಸಲು ಬರುವುದಿಲ್ಲ. ಮೂರು ಕಡೆ ಮೂರು ಗುಂಪು, ಎಲ್ಲರ ಕೈಯಲ್ಲೂ ಬಾಲ್ ಇದ್ದರೆ ಬರುತ್ತದೆ. ಮಗು ಬಾಲ್ ಬಿಟ್ಟಾಗ ಕೋಚ್ ಮುಖ ನೋಡಿ. ಅದಕ್ಕಿಂತ ಮುಖ್ಯ, ಬಿಟ್ಟ ಮಗು ಯಾರ ಮುಖ ನೋಡುತ್ತದೆ ಅಂತ ನೋಡಿ. ಹೆದರಿಕೆ ಇದ್ದರೆ ಅಲ್ಲೇ ಕಾಣಿಸುತ್ತದೆ.

ನಿಮಗೆ ಬೇಕಾದ ಇನ್ನೊಂದು ಪ್ರಶ್ನೆ: ತಂಡದಲ್ಲಿ ಕ್ಯಾಚರ್‌ಗಳು ಎಷ್ಟು? ಇಬ್ಬರಿದ್ದರೆ ಸರಿ. ಮೂವರಿದ್ದರೆ ನಿಮ್ಮ ಮಗಳು ಔಟ್‌ಫೀಲ್ಡಿನಲ್ಲೋ ಬೆಂಚಿನಲ್ಲೋ ಇರುತ್ತಾಳೆ. ಅವಳೊಬ್ಬಳೇ ಅಂದರೆ ಖುಷಿಪಡಬೇಡಿ. ಜುಲೈ ತಿಂಗಳ ಟೆಕ್ಸಸ್ ಬಿಸಿಲಲ್ಲಿ, 100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಷ್ಟೂ ಕವಚ ಹಾಕಿಕೊಂಡು ಎರಡು ದಿನದಲ್ಲಿ ಐದು ಪಂದ್ಯ ಮಂಡಿ ಮಡಚಿ ಕೂರುವುದು 11 ವರ್ಷದ ಮಗುವಿನ ಮೈಗೆ ಆಗುವ ಕೆಲಸವಲ್ಲ. ಪಿಚರ್‌ಗಳು ಎಷ್ಟು ಅಂತಲೂ ಕೇಳಿ. ಸಾಫ್ಟ್‌ಬಾಲ್‌ನಲ್ಲಿ ಕೆಳಗಿನಿಂದ ತಿರುಗಿಸಿ ಎಸೆಯುವುದರಿಂದ ಭುಜಕ್ಕೆ ಏನೂ ಆಗುವುದಿಲ್ಲ ಅಂತ ಹೇಳುವ ಕೋಚ್‌ಗಳಿದ್ದಾರೆ. ಆಗುತ್ತದೆ. ಆ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ದುಡ್ಡಿನ ವಿಷಯದಲ್ಲಿ ಬಜೆಟ್ ಹಾಳೆ ಕೇಳಿ. ಮೈದಾನಕ್ಕೆಷ್ಟು, ಟೂರ್ನಮೆಂಟಿಗೆಷ್ಟು, ಕ್ಲಬ್ಬಿನ ಹೆಸರಿಗೆಷ್ಟು, ಕೋಚ್‌ಗೆಷ್ಟು. ಖಾತೆ ಯಾರ ಹೆಸರಲ್ಲಿದೆ, ಕೋಚ್ ನಡುವೆ ಬಿಟ್ಟು ಹೋದರೆ ಎಷ್ಟು ವಾಪಸು, ಬರವಣಿಗೆಯಲ್ಲಿ ಇರಲಿ. ಲಾಭರಹಿತ ಸಂಸ್ಥೆ ಅಂತ ಹೇಳಿಕೊಂಡರೆ, ಅವರು ತೆರಿಗೆ ಇಲಾಖೆಗೆ ಕೊಡುವ 990 ಫಾರಂ ಯಾರು ಬೇಕಾದರೂ ನೋಡಬಹುದು. ಕೋಚ್‌ಗಳ ಹೆಸರನ್ನು, ಆಟಗಾರರ ಮೇಲಿನ ಕಿರುಕುಳದ ದೂರು ನೋಡುವ ಸೇಫ್‌ಸ್ಪೋರ್ಟ್ ಕೇಂದ್ರದ ಶಿಸ್ತುಕ್ರಮದ ಪಟ್ಟಿಯಲ್ಲಿ ಹುಡುಕಿ ನೋಡಿ. ಐದು ನಿಮಿಷದ ಕೆಲಸ. ಸಂಕೋಚ ಬೇಡ, ಮಗಳನ್ನು ಕಳಿಸುವವರು ನೀವು.

ನಮ್ಮ ಮನೆಗಳಿಗೆ ಮಾತ್ರ ಇರುವ ಒಂದು ಖರ್ಚನ್ನು ಯಾವ ಕ್ಲಬ್ಬೂ ಹೇಳುವುದಿಲ್ಲ. ಟೂರ್ನಮೆಂಟುಗಳ ಮುಖ್ಯ ಕಾಲ ಜೂನ್, ಜುಲೈ. ನಾವು ಊರಿಗೆ ಹೋಗುವುದೂ ಆಗಲೇ. ಅಜ್ಜಿ ತಾತ ವರ್ಷಪೂರ್ತಿ ಕಾಯುವುದೂ ಆ ನಾಲ್ಕು ವಾರಕ್ಕೆ. ಭಾನುವಾರದ ಕನ್ನಡ ಕಲಿ ತರಗತಿ, ಕನ್ನಡ ಕೂಟದ ಯುಗಾದಿ, ಎಲ್ಲವೂ ಭಾನುವಾರದ ನಾಕ್‌ಔಟ್ ಪಂದ್ಯಗಳ ಜೊತೆ ಗುದ್ದಾಡುತ್ತವೆ. ನಾವು ಮೂರು ಬೇಸಿಗೆ ಊರಿಗೆ ಹೋಗಲಿಲ್ಲ. ಮೂರನೆಯ ಬೇಸಿಗೆ ಕಳೆದ ಚಳಿಗಾಲದಲ್ಲಿ ನಮ್ಮ ಅತ್ತೆ ತೀರಿಕೊಂಡರು. ಮೊಮ್ಮಗಳು ಆಡುವುದನ್ನು ಫೋನಿನಲ್ಲಿ ಮಾತ್ರ ನೋಡಿದ್ದರು. ‘ಜೂನ್ ಕೊನೆಯಿಂದ ನಾಲ್ಕು ವಾರ ನಾವಿರುವುದಿಲ್ಲ’ ಅಂತ ಸಹಿ ಮಾಡುವ ಮುಂಚೆಯೇ ಹೇಳಿ. ಅದನ್ನು ಒಪ್ಪುವ ತಂಡಗಳಿವೆ. ಸಾಮಾನ್ಯವಾಗಿ ಚಿಕ್ಕವು.

ನನ್ನ ಸಲಹೆ ಇದು. ಈ ವರ್ಷ ಚಿಕ್ಕ ತಂಡವನ್ನು ಮೊದಲು ನೋಡಿ. ಕೋಚ್ ಸರಿಯಾಗಿದ್ದರೆ ಅಲ್ಲೇ ಆಡಿಸಿ. ಪಾಠವನ್ನು ಎರಡು ವಾರಕ್ಕೊಮ್ಮೆ ಮಾಡಿ, ನಡುವಿನ ವಾರ ನೀವೇ ಬಕೆಟ್ ಮೇಲೆ ಕೂರಿ. ಟೂರ್ನಮೆಂಟುಗಳೆಲ್ಲ ಹತ್ತಿರದವೇ ಆದರೆ 4,000 ಒಳಗೆ ಮುಗಿಯುತ್ತದೆ. ಉಳಿದದ್ದು ಯಜಮಾನರ 529ಕ್ಕೆ ಹೋಗಲಿ. ಮೇ ಕೊನೆಗೆ ಮಗಳನ್ನು ಒಕ್ಲಹೋಮ ಸಿಟಿಗೆ ಕರೆದುಕೊಂಡು ಹೋಗಿ, ನಿಮ್ಮಲ್ಲಿಂದ ಕಾರಿನಲ್ಲಿ ಮೂರು ಗಂಟೆ ಚಿಲ್ಲರೆ. ಕಾಲೇಜು ಹುಡುಗಿಯರ ವರ್ಲ್ಡ್ ಸೀರೀಸ್ ಅಲ್ಲೇ ನಡೆಯುತ್ತದೆ. 2025ರಲ್ಲಿ ನಮ್ಮ ಯೂನಿವರ್ಸಿಟಿ ಆಫ್ ಟೆಕ್ಸಸ್ ತಂಡ ಮೊದಲ ಸಲ ಗೆದ್ದಿದ್ದು ಅಲ್ಲಿಯೇ. 2028ರ ಒಲಿಂಪಿಕ್ಸಿನ ಸಾಫ್ಟ್‌ಬಾಲ್ ಕೂಡ ಲಾಸ್ ಏಂಜಲೀಸ್ ಬಿಟ್ಟು ಅಲ್ಲಿಗೇ ಬರುತ್ತಿದೆ. ಹಿಂದಿನ ಸಾಲಿನಲ್ಲಿ ಕೂತು ಕ್ಯಾಚರ್‌ಗಳ ಕಾಲು ನೋಡು ಅಂತ ಹೇಳಿ.

ದೊಡ್ಡ ಕ್ಲಬ್ಬಿನ ಕೋಚ್‌ಗೆ ಇವತ್ತೇ ಮೆಸೇಜು ಹಾಕಿ: ‘ಸಹಿ ಮಾಡುವ ಮುಂಚೆ ಒಂದು ಅಭ್ಯಾಸ ನೋಡಬೇಕು, ಬಜೆಟ್ ಹಾಳೆ ಬೇಕು, ಒಂದು ವಾರ ಸಮಯ ಕೊಡಿ.’ ಒಳ್ಳೆಯ ಕೋಚ್ ಆದರೆ ಕೊಡುತ್ತಾರೆ, ನಾನಂತೂ ಕೊಡುತ್ತೇನೆ. ಕೊಟ್ಟರೆ ಅವರನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಎರಡೂ ಅಭ್ಯಾಸಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಮನೆಗೆ ಬರುವಾಗ ಕಾರಿನಲ್ಲಿ ಅವಳು ಯಾವ ತಂಡದ ಹುಡುಗಿಯರ ಬಗ್ಗೆ ಮಾತಾಡುತ್ತಾಳೆ ಅಂತ ಕೇಳಿಸಿಕೊಂಡು ನನಗೆ ಮತ್ತೆ ಬರೆಯಿರಿ.